ಮೂಲೆಯ ಕೊಳವೆಗಳು

ಇಂದು ಮಧ್ಯಾಹ್ನ ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿರುವ ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸಲು ಕಟ್ಟಿದ ‘ಬಿ’ ಪರಮಾಣು ರಿಯಾಕ್ಟರ್‌ನ ಛಾಯಾಚಿತ್ರವೊಂದನ್ನು ಹಿಗ್ಗಿಸಿ ನೋಡುತ್ತಿದ್ದಾಗ ಕಣ್ಣು ನಿಂತದ್ದು ಅದರ ಮೂಲೆಗಳಲ್ಲಿ.

ಭೌತವಿಜ್ಞಾನಿಗಳ ಲೆಕ್ಕದಲ್ಲಿ, ವೃತ್ತಾಕಾರವಾಗಿ ಜೋಡಿಸಿದ 1500 ಇಂಧನ ಕೊಳವೆಗಳೇ ಸಾಕಾಗಿದ್ದವು. ಅದನ್ನು ಕಟ್ಟಿದ ಡುಪಾಂಟ್ ಕಂಪನಿಯ ಎಂಜಿನಿಯರುಗಳು ಮಾತ್ರ ಮೂಲೆಗಳಿಗೂ ಕೊಳವೆಗಳನ್ನು ಸೇರಿಸಿ ಒಟ್ಟು 2004 ಮಾಡಿದರು. ಗೊಣಗಿದವರಿಗೇನೂ ಕೊರತೆಯಿರಲಿಲ್ಲ.

1944ರ ಸೆಪ್ಟೆಂಬರ್ ಕೊನೆಯಲ್ಲಿ ಚಾಲನೆಗೊಂಡ ರಿಯಾಕ್ಟರ್‌ನ ಶಕ್ತಿ ಕೆಲವೇ ಗಂಟೆಗಳಲ್ಲಿ ತಾನಾಗಿ ಕುಸಿದು ನಿಂತೇಹೋಯಿತು. ಮರುದಿನ, ಯಾರೂ ದುರಸ್ತಿ ಮಾಡದೆಯೇ, ಮತ್ತೆ ಚೇತರಿಸಿಕೊಂಡಿತು. ನೀರು ಸೋರಿರಬಹುದೆಂಬ ಶಂಕೆ ಮೊದಲು ಮೂಡಿತು. ಆ ಏರಿಳಿತದ ಗಂಟೆಗಳನ್ನೇ ಹಿಡಿದು ಲೆಕ್ಕ ಹಾಕಿದ ಭೌತವಿಜ್ಞಾನಿ ಜಾನ್ ವೀಲರ್, ವಿದಳನದಲ್ಲಿ, ಅಂದರೆ ಪರಮಾಣು ಬೀಜ ಒಡೆದಾಗ, ಹುಟ್ಟುವ ಅಯೋಡಿನ್-135 ಕ್ಷಯಿಸಿ ಕ್ಸೆನಾನ್-135 ಆಗುತ್ತದೆಂದೂ, ಅದು ವಿದಳನವನ್ನು ಮುಂದುವರಿಸಬೇಕಾದ ನ್ಯೂಟ್ರಾನುಗಳನ್ನು ವಿಪರೀತವಾಗಿ ನುಂಗುತ್ತದೆಂದೂ, ಸುಮಾರು 9 ಗಂಟೆಗಳಿಗೊಮ್ಮೆ ಅದು ಅರ್ಧಕ್ಕಿಳಿಯುವುದರಿಂದಲೇ ರಿಯಾಕ್ಟರ್‌ಗೆ ಮರಳಿ ಜೀವ ಬರುತ್ತದೆಂದೂ ತೀರ್ಮಾನಿಸಿದರು. ಹೆಚ್ಚುವರಿ ಕೊಳವೆಗಳಿಗೂ ಇಂಧನ ತುಂಬಿದಾಗ ಆ ನಷ್ಟ ತುಂಬಿತು.

ಎಂಜಿನಿಯರುಗಳ ಈ ಅತಿ ಎಚ್ಚರಿಕೆ ನನಗೆ ಬಹಳ ಹಿಡಿಸುತ್ತದೆ. ಆದರೆ ನಾಗಸಾಕಿಯ ಬಾಂಬಿನಲ್ಲಿದ್ದುದು ಹ್ಯಾನ್‌ಫರ್ಡ್‌ನ ಪ್ಲುಟೋನಿಯಂ ಎಂಬುದು ನೆನಪಾದಾಗ ಆ ಮೆಚ್ಚುಗೆಯನ್ನು ಪೂರ್ತಿಯಾಗಿ ಹೇಳಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ.