ಸಾಲ ನನ್ನ ಹೆಸರಿಗೆ, ದುಡ್ಡು ಅವನ ಜೇಬಿಗೆ

"ಅಷ್ಟೋ ಇಷ್ಟೋ ಕಟ್ಟಿ ಕೈ ತೊಳ್ಕೊಂಡ್ಬಿಡಮ್ಮ." ಮಾಜಿ ಗಂಡ ನನ್ನ ಹೆಸರಲ್ಲಿ ಕದ್ದು ಸಾಲ ತೆಗೆದಿದ್ದಾನೆ ಅಂದಾಗ ಸುಂಟಿಕೊಪ್ಪದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕೊಟ್ಟ ಸಲಹೆ ಇದೇ. ನಾನು ಕಟ್ಟಲಿಲ್ಲ.

ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟ್ ಹಾಕಿಸೋಣ ಅಂತ ಬ್ಯಾಂಕಿಗೆ ಹೋದಾಗ ವಿಷಯ ಹೊರಬಿತ್ತು. ನಮ್ಮ ಸಾಲ, ಕಂತುಗಳ ದಾಖಲೆ ಇರುವ ಸಿಬಿಲ್ ರಿಪೋರ್ಟ್ ತೆಗೆಸಿದರೆ, ಅದರಲ್ಲಿ ನನ್ನ ಹೆಸರಿಗೆ ಎರಡೂವರೆ ಲಕ್ಷದ ಪರ್ಸನಲ್ ಲೋನ್, ತಿಂಗಳುಗಟ್ಟಲೆ ಕಂತು ಬಾಕಿ, ವಿಳಾಸ ನಾನು ಕಾಲೂ ಇಡದ ಮೈಸೂರಿನ ಯಾವುದೋ ಬಾಡಿಗೆ ಮನೆಯದು.

ಆಪ್ ಮೂಲಕ ಸಾಲ ಕೊಟ್ಟ ಕಂಪನಿಯವರದು ಒಂದೇ ರಾಗ: ಇದು ಗಂಡ ಹೆಂಡಿರ ಜಗಳ, ನೀವೇ ಬಗೆಹರಿಸಿಕೊಳ್ಳಿ. ಅಲ್ಲಿ ಸುಮ್ನೆ ಗಂಡನ ಕಥೆ ಹೇಳುತ್ತಾ ಕೂತರೆ ಯಾರೂ ಕೇಳುವುದಿಲ್ಲ. ಮಡಿಕೇರಿಯ ವಕೀಲರು ಹೇಳಿದ್ದು ಸರಳವಾಗಿತ್ತು: ಒಂದು ಕಂತೂ ಕಟ್ಟಬೇಡಿ, ಕಟ್ಟಿದರೆ ಸಾಲ ಒಪ್ಪಿಕೊಂಡ ಹಾಗೆ ಕಾಣುತ್ತೆ. ಸೆಟಲ್‌ಮೆಂಟ್ ಮಾಡಿಕೊಂಡರೂ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಉಳಿದು ಮುಂದಿನ ಸಾಲಕ್ಕೆ ಕಲ್ಲು ಹಾಕುತ್ತೆ. ಮೊದಲು ಕಾಗದ ಕೇಳಿ ಅಂದರು. ದುಡ್ಡು ಯಾವ ಖಾತೆಗೆ ಹೋಯಿತು, ಒಟಿಪಿ ಯಾವ ನಂಬರಿಗೆ ಬಂತು, ಕೆವೈಸಿಯಲ್ಲಿ, ಅಂದರೆ ಗುರುತಿನ ದಾಖಲೆಯಲ್ಲಿ, ಯಾರ ಫೋಟೋ ಇದೆ, ಎಲ್ಲವನ್ನೂ ಬರಹದಲ್ಲೇ ಕೇಳಬೇಕು.

ಕಾಗದ ಬಂತು. ಸೆಲ್ಫಿ ಇರಬೇಕಾದ ಜಾಗದಲ್ಲಿ ನನ್ನ ತಂಗಿ ಮದುವೆ ಫೋಟೋದಿಂದ ಕತ್ತರಿಸಿದ ನನ್ನ ಮುಖ! ಕಿವಿ ಪಕ್ಕದಲ್ಲೇ ಇನ್ಯಾರದೋ ರೇಷ್ಮೆ ಸೆರಗಿನ ಹಸಿರು ಅಂಚು ಇಣುಕುತ್ತಿತ್ತು. ಇದನ್ನು ನೋಡಿ ಪಾಸ್ ಮಾಡಿದವರು ಯಾರೋ, ಆ ಪುಣ್ಯಾತ್ಮರನ್ನು ಒಮ್ಮೆ ನೋಡಬೇಕಿತ್ತು. ಒಟಿಪಿ ಹೋದ ನಂಬರು ಅವನ ಹೆಸರಿನದು. ಆಪ್ ಮೂಲಕ ಕೊಡುವ ಸಾಲ ಸಾಲಗಾರರ ಖಾತೆಗೇ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಹೋಗಿದ್ದೂ 'ನನ್ನ' ಖಾತೆಗೇ, ಅಂದರೆ ಮದುವೆಯಾದಾಗ ತೆರೆದಿದ್ದ, ಮುಚ್ಚಿಸುತ್ತೇನೆ ಅಂತ ಅವನು ಹೇಳಿದ್ದ ಜಾಯಿಂಟ್ ಅಕೌಂಟಿಗೆ. ಸ್ಟೇಟ್‌ಮೆಂಟ್ ತೆಗೆಸಿದರೆ ದುಡ್ಡು ಬಿದ್ದ ದಿನವೇ ಅವನ ಸ್ವಂತ ಖಾತೆಗೆ ದಾಟಿದೆ. ನನಗೆ ಬೇಕಾಗಿದ್ದ ಸಾಕ್ಷಿ ಅದೇ.

ಇಷ್ಟನ್ನೂ ಹಿಡಿದು ಪೊಲೀಸರಿಗೆ ದೂರು ಕೊಟ್ಟೆ. ಬೇರೆಯವರ ಗುರುತು ಬಳಸಿ ಮೋಸ ಮಾಡುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು. ದುಡ್ಡು ಈಗಷ್ಟೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು, ನನ್ನಂತೆ ಹಳೇ ಕೇಸಾದರೆ ಠಾಣೆಗೇ ಹೋಗುವುದು ವಾಸಿ.

ರಿಪೋರ್ಟ್ ಸರಿ ಮಾಡಿಸುವ ಕೆಲಸ ಬೇರೆ. ಇಂಥ ರಿಪೋರ್ಟ್ ಕೊಡುವ ಕಂಪನಿ ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ರಿಪೋರ್ಟ್ ಫ್ರೀ, ನಾಲ್ಕೂ ಕಡೆ ನೋಡಿ ತಕರಾರು ಹಾಕಬೇಕು. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದನ್ನು ಇಮೇಲಿನಲ್ಲಿ ಬರೆದ ಮೇಲೆ ಕಂಪನಿಯವರ ದನಿ ಸ್ವಲ್ಪ ಮೆತ್ತಗಾಯಿತು. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಖರ್ಚಿಲ್ಲ.

ವಸೂಲಿಯವರ ಕಾಟ ಮಾತ್ರ ಹೇಳತೀರದು. ನಮ್ಮ ತೋಟದಲ್ಲಿ ಕಣದ ಮೂಲೆಯಲ್ಲಷ್ಟೇ ಸಿಗ್ನಲ್, ನಾನು ಸಿಗದಿದ್ದರೆ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಫೋನ್, ಅವರಾದ ಮೇಲೆ ಪಕ್ಕದ ತೋಟದವರಿಗೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಮಾಡಿದ ಕರೆಗಳ ಸ್ಕ್ರೀನ್‌ಶಾಟ್ ಎಲ್ಲಾ ದೂರಿಗೆ ಸೇರಿಸಿದೆ.

ಕೇಸು ನಡೆಯುತ್ತಿದೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ದೇನೆ. ನನ್ನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ನೋಡಿದ್ದೂ ಆಯಿತು. ಜಾಯಿಂಟ್ ಅಕೌಂಟ್ ಮುಚ್ಚಿಸೋಣ ಅಂತ ಹೋದರೆ ಇಬ್ಬರ ಸಹಿಯೂ ಬೇಕಂತೆ. ಸಾಲ ತೆಗೆಯುವಾಗ ನನ್ನ ಸಹಿ ಯಾರಿಗೂ ಬೇಕಿರಲಿಲ್ಲ, ಅಲ್ವಾ?