ಬಿಸಿಲ ಬಂಡೆಗೆ ಕಟ್ಟಿದ ಕ್ಯಾಮೆರಾ

ಮಧುಗಿರಿ, ಕೊರಟಗೆರೆ ಕಡೆಯ ಕಲ್ಲುಬೆಟ್ಟಗಳಲ್ಲಿ ಪ್ರಾಣಿಗಳ ಸಮೀಕ್ಷೆಗೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಎದುರಿಗೆ ಪ್ರಾಣಿ ಹಾದರೆ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ, ಕಟ್ಟುವುದು ನನ್ನ ಕೆಲಸ. ತುಮಕೂರು ಜಿಲ್ಲೆಯ ಬೆಟ್ಟ ಅಂದರೆ ಹೊರಗಿನವರಿಗೆ ದೇವರಾಯನದುರ್ಗ, ಮಧುಗಿರಿ ಕೋಟೆ ಅಷ್ಟೇ ನೆನಪಿಗೆ ಬರುತ್ತವೆ. ತಿಮ್ಲಾಪುರದ ಕಾಡು 2016ರಲ್ಲಿ ವನ್ಯಜೀವಿಧಾಮ ಆಗಿದ್ದು ನಮ್ಮ ಜಿಲ್ಲೆಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕರಡಿ, ಚಿರತೆ, ಕಾಡುಹಂದಿ, ಮುಳ್ಳುಹಂದಿ ಎಲ್ಲಾ ಈ ಬಂಡೆಗಳ ಸಂದಿಯಲ್ಲೇ ಬದುಕುತ್ತಿವೆ.

ಮೊದಲ ಸಲ ಕ್ಯಾಮೆರಾ ಕಟ್ಟಿದ್ದು ಫೆಬ್ರವರಿ ಕೊನೆಯಲ್ಲಿ. ಜಾಗ ನಾನೇ ಆರಿಸಿದ್ದೆ. ಬಯಲು ಬಂಡೆ, ಅಗಲವಾದ ಕಾಲುದಾರಿ, ಎದುರಿಗೆ ಏನೂ ಅಡ್ಡ ಇಲ್ಲ. ಫೋಟೋ ಚೆನ್ನಾಗಿ ಬರುತ್ತೆ ಅನ್ನುವುದೊಂದೇ ನನ್ನ ಲೆಕ್ಕ. ಹದಿನೈದು ದಿನ ಬಿಟ್ಟು ಕಾರ್ಡ್ ತೆಗೆದು ನೋಡಿದರೆ ಸಾವಿರಾರು ಫೋಟೋ, ಹೆಚ್ಚುಕಮ್ಮಿ ಎಲ್ಲಾ ಖಾಲಿ. ಹುಲ್ಲು, ಬಂಡೆ, ಮತ್ತೆ ಹುಲ್ಲು. ನಡುವೆ ಮೇಕೆ, ಒಂದೆರಡು ನವಿಲು, ಸೌದೆ ಹೊತ್ತ ಹೆಂಗಸರು. (ಜನರ ಫೋಟೋ ಸಿಕ್ಕರೆ ನಾವು ಅಳಿಸಿಬಿಡುತ್ತೇವೆ. ಅದು ಅವರು ಓಡಾಡುವ ದಾರಿ, ಆಮೇಲೆ ಹೋದವರು ನಾವು.) ಎರಡು ಕ್ಯಾಮೆರಾಗಳಲ್ಲಂತೂ ನಾಲ್ಕನೇ ದಿನಕ್ಕೇ ಕಾರ್ಡ್ ತುಂಬಿ ಹೋಗಿತ್ತು. ಆಮೇಲೆ ಆ ದಾರಿಯಲ್ಲಿ ಏನೇ ಓಡಾಡಿದ್ದರೂ ನಮಗೆ ಲೆಕ್ಕಕ್ಕಿಲ್ಲ.

ತಪ್ಪು ಎಲ್ಲಿ ಅಂತ ಕೂತು ಯೋಚಿಸಿದೆ. ಈ ಕ್ಯಾಮೆರಾದ ಸೆನ್ಸರ್ ಪ್ರಾಣಿಯನ್ನು ನೋಡುವುದಿಲ್ಲ, ಬಿಸಿಯನ್ನು ನೋಡುತ್ತದೆ. ಸುತ್ತಲಿಗಿಂತ ಬೇರೆ ಬಿಸಿ ಇರುವ ಏನಾದರೂ ಅದರ ಮುಂದೆ ಅಲುಗಿದರೆ ಸಾಕು, ಕ್ಲಿಕ್. ಬೇಸಿಗೆಯ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೂ ಕ್ಲಿಕ್. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮಧ್ಯಾಹ್ನ ಬಂಡೆಯ ಬಿಸಿಯೂ ಪ್ರಾಣಿಯ ಮೈಬಿಸಿಯೂ ಹತ್ತಿರ ಹತ್ತಿರ ಒಂದೇ ಆದಾಗ, ನಿಜವಾಗಿ ಪ್ರಾಣಿ ಬಂದರೂ ಸೆನ್ಸರ್‌ಗೆ ಗೊತ್ತಾಗದೇ ಹೋಗಬಹುದು. ಇದೆಲ್ಲ ತರಬೇತಿಯಲ್ಲಿ ಹೇಳಿದ್ದರು. ಕೇಳಿಸಿಕೊಂಡಿದ್ದೆ, ಆದರೆ ಬೆಟ್ಟ ಹತ್ತಿದಾಗ ನೆನಪಾಗಲಿಲ್ಲ.

ಉಳಿದದ್ದನ್ನು ಹೇಳಿಕೊಟ್ಟಿದ್ದು ಮೇಕೆ ಮೇಯಿಸುವ ಒಬ್ಬ ಅಜ್ಜ. ನಾನು ಕ್ಯಾಮೆರಾ ಬಿಚ್ಚುತ್ತಿದ್ದಾಗ ಬಂದು ನಿಂತರು.

"ಏನಪ್ಪಾ, ಕರಡಿ ಬೇಕು ಅಂತೀಯ, ಇಲ್ಲಿ ಕಟ್ಟಿದೀಯ. ಇಲ್ಲಿ ಅದಕ್ಕೆ ಏನೈತೆ?"

"ದಾರಿ ಚೆನ್ನಾಗಿದೆಯಲ್ಲ ಅಜ್ಜ."

"ದಾರಿ ನಿನಗೆ ಚೆನ್ನಾಗೈತೆ. ಬಾ."

ಬೆಟ್ಟದ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲೊಂದು ಹುತ್ತ, ಬುಡದಲ್ಲಿ ಮೊಳದುದ್ದ ತೋಡಿದ ಗುಂಡಿ. ಕರಡಿಗೆ ಮೇಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಹೀರುತ್ತದೆ. ರಾತ್ರಿ ಹೊಲ ಕಾಯುವಾಗ ಆ ಸದ್ದು ದೂರದಿಂದ ಕೇಳುತ್ತೆ ಅಂದರು ಅಜ್ಜ. ಸ್ವಲ್ಪ ಕೆಳಗೆ ಕಕ್ಕೆ ಮರ, ಉದ್ದನೆಯ ಕಪ್ಪು ಕಾಯಿ ಉದುರಿದ್ದವು. ಪಕ್ಕದಲ್ಲೇ ಕರಡಿಯ ಮಲ, ಅದರ ತುಂಬ ಕಕ್ಕೆ ಬೀಜ. ಇನ್ನೂ ಕೆಳಗೆ ನೆರಳಲ್ಲಿ ಒಂದು ದೊಣೆ, ಬಂಡೆಯ ಮೇಲೆ ನೀರು ನಿಲ್ಲುವ ಗುಂಡಿ. ಬೇಸಿಗೆಯಲ್ಲೂ ಅಂಗೈ ಅಷ್ಟು ನೀರಿತ್ತು. ಹುತ್ತ, ಹಣ್ಣು, ನೀರು. ನಾನು ಇವು ಯಾವುದನ್ನೂ ಹುಡುಕಿರಲಿಲ್ಲ, ಫೋಟೋಗೆ ಜಾಗ ಹುಡುಕಿದ್ದೆ.

ಅವತ್ತೇ ಎಲ್ಲಾ ಬದಲಾಯಿಸಿದೆ. ದೊಣೆ ಹತ್ತಿರ ನೆರಳಲ್ಲಿ, ಮೊಣಕಾಲೆತ್ತರಕ್ಕೆ ಕಟ್ಟಿದೆ. ಬಿಸಿಲು ನೇರ ಹೊಡೆಯದ ಹಾಗೆ ಕ್ಯಾಮೆರಾ ಮುಖ ಉತ್ತರಕ್ಕೆ ತಿರುಗಿಸಿದೆ. ಎದುರಿಗೆ ನಾಲ್ಕು ಹೆಜ್ಜೆ ದೂರದ ತನಕ ಹುಲ್ಲು ಸವರಿದೆ. ಚಿರತೆ ಲೆಕ್ಕಕ್ಕಾದರೆ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಬೇಕು, ಯಾಕಂದರೆ ಒಂದೊಂದು ಚಿರತೆಯನ್ನೂ ನಾವು ಗುರುತಿಸುವುದು ಮಚ್ಚೆಯಿಂದ, ಅದರ ಎಡಮೈ ಮಚ್ಚೆಯೇ ಬೇರೆ, ಬಲಮೈ ಮಚ್ಚೆಯೇ ಬೇರೆ. ಕರಡಿಗೆ ಆ ಅನುಕೂಲವೂ ಇಲ್ಲ, ಎರಡೂ ಪಕ್ಕೆ ಬರೀ ಕಪ್ಪು. ಇದು ಇವತ್ತಿಗೂ ನಮಗೆ ಕಷ್ಟವೇ.

ಇನ್ನೊಂದು ಮಾತು, ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ. ಕಾರ್ಡ್ ಬದಲಿಸಲು ನಸುಕಲ್ಲಿ ಹೋಗಬೇಡಿ. ಕರಡಿ ಗವಿಗೆ ವಾಪಸ್ ಬರುವ ಹೊತ್ತು ಅದು. ಅದರ ಮೂಗು ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹತ್ತಿರದಲ್ಲಿ ತಟ್ಟನೆ ಎದುರಾದರೆ ಗಾಬರಿಯಲ್ಲಿ ಮೈಮೇಲೆ ಬೀಳುತ್ತದೆ. ಬಿಸಿಲೇರಿದ ಮೇಲೆ ಇಬ್ಬರು ಹೋಗಿ, ಜೋರಾಗಿ ಮಾತಾಡಿಕೊಂಡು ಹೋಗಿ.

ಏಪ್ರಿಲ್ ಮೊದಲ ವಾರ ದೊಣೆಯ ಕ್ಯಾಮೆರಾದ ಕಾರ್ಡ್ ತಂದೆ. ರಾತ್ರಿ ಎರಡು ಗಂಟೆಯ ಒಂದು ಫೋಟೋ. ತಾಯಿ ಕರಡಿ ತಲೆ ಬಗ್ಗಿಸಿ ನೀರು ಕುಡಿಯುತ್ತಿದೆ. ಬೆನ್ನಿನ ಕೂದಲು ಹಿಡಿದು ಎರಡು ಮರಿ ಕೂತಿವೆ. ಒಂದು ಮರಿ ನೇರ ಕ್ಯಾಮೆರಾ ಕಡೆಗೇ ನೋಡುತ್ತಿತ್ತು.

ಮೊಬೈಲಿನಲ್ಲಿ ಅಜ್ಜನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಮರಿ ಐತೆ. ಇನ್ನು ಸ್ವಲ್ಪ ದಿನ ಆ ಕಡೆ ಹೋಗಬೇಡಪ್ಪಾ. ನಾನೂ ಮೇಕೆ ಹೊಡೆಯಲ್ಲ."

ತಂಡದ ಹಿರಿಯರಿಗೆ ವಿಷಯ ಹೇಳಿದೆ, ಅವರೂ ಒಪ್ಪಿದರು. ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ ಹೋಗಿ ಆ ಕ್ಯಾಮೆರಾ ಬಿಚ್ಚಿಕೊಂಡು ಬಂದೆ. ಸೆಲ್ ಯಾವಾಗಲೋ ಮುಗಿದಿತ್ತು. ದೊಣೆ ತುಂಬಿತ್ತು.