ಬಾಗಲಕೋಟಿಯಿಂದ ಬೆಳಗಾವಿಗೆ ಸುಶಿ ತಿನ್ನಾಕ ಹೊಂಟವರಿಗೆ

ಮೊದಲ ಹೇಳಿಬಿಡ್ತೀನಿ, ಬೆಳಗಾವ್ಯಾಗ ಬರೇ ಜಪಾನಿ ಅಡಗಿನ ಮಾಡೂ ಹೋಟೆಲ್ ನಮಗ ಸಿಗಲಿಲ್ಲ. ಸಿಗೂವು ಏನಂದ್ರ ಪ್ಯಾನ್ ಏಷಿಯನ್ ಅಂತ ಬೋರ್ಡ್ ಹಾಕ್ಕೊಂಡವು, ಅವು ತಿಲಕವಾಡಿ, ಹಿಂದವಾಡಿ, ಕ್ಯಾಂಪ್, ಖಾನಾಪುರ ರೋಡ್ ಕಡೆ ಚದುರಿಕೊಂಡು ಅದಾವು, ಮೆನು ತಗದ್ರ ನೂಡಲ್ಸ್, ಡಿಮ್ ಸಮ್, ಥಾಯ್ ಕರಿ ಎಲ್ಲಾ ಮುಗದಮ್ಯಾಲ ಕಡೀ ಪುಟದಾಗ ಒಂದು ಎಂಟ್ಹತ್ತು ಸಾಲು ಸುಶಿ, ಅಂದ್ರ ಹುಳಿ ಅನ್ನದ ಜಪಾನಿ ತಿಂಡಿ, ಇರ್ತೈತಿ. ಅದರೊಳಗ ತಿನ್ನಾಕ ಲಾಯಕ್ ಯಾವುದು, ರೊಕ್ಕ ಹಾಳು ಮಾಡೂದು ಯಾವುದು ಅಂತ ಹೊರಗಿಂದ ಗೊತ್ತಾಗೂದಿಲ್ಲ. ನಾವು ಒಂದು ಕಡೆ ಮೋಸ ಹೋಗಿ ಇನ್ನೊಂದು ಕಡೆ ಸುಖಪಟ್ಟು ಬಂದೀವಿ, ಅದನ್ನ ಬರದಿಟ್ರ ಮತ್ತ್ಯಾರಿಗರ ಉಪಯೋಗ ಆಕ್ಕೈತಿ ಅಂತ ಕುಂತೀನಿ.

ಇದೆಲ್ಲಾ ಸುರು ಆಗಿದ್ದು ಮಗಳಿಂದ. ಒಂಬತ್ತನೇ ಕ್ಲಾಸ್, ದಿನಾ ಅನಿಮೆ ಅಂತ ಜಪಾನಿ ಕಾರ್ಟೂನ್ ನೋಡ್ತಾಳ, ಡಿಸೆಂಬರ್‌ದಾಗ ಹುಟ್ಟಿದಹಬ್ಬ, ಪಪ್ಪಾ ಈ ಸಲ ಕೇಕ್ ಬ್ಯಾಡ ಸುಶಿ ಬೇಕು ಅಂದ್ಲು. ಒಳಗಿಂದ ನಮ್ಮವ್ವ ಕೇಳಿಸ್ಕೊಂಡು, "ಸುಸಲಾ ತಿನ್ನಾಕ ಬೆಳಗಾವಿಮಟ ಯಾಕ ಹೋಗ್ತೀರೋ, ಚುರಮರಿ ಡಬ್ಬಿ ತುಂಬ ಐತಿ, ಈಗ ನೆನಸ್ತೀನಿ ತಡಿ" ಅಂತ ಎದ್ದಬಿಟ್ಲು. ಸುಸಲಾ ಅಲ್ಲಬೇ ಸುಶಿ, ಜಪಾನಿನವರದು ಅಂತ ತಿಳಿಸಿ ಹೇಳೂದ್ರಾಗ ಅರ್ಧಾ ತಾಸು ಹೋತು. ಕಡೀಕ ಅಕಿ ಕೇಳಿದ್ದು ಇಷ್ಟ, ಒಗ್ಗರಣಿ ಹಾಕಿರ್ತಾರೇನು ಅಂತ.

ದಾರಿ ಬಗ್ಗೆ ಹೆಚ್ಚಿಗಿ ಹೇಳೂದಿಲ್ಲ. ಬಾಗಲಕೋಟಿ ಬಿಟ್ಟು ಗದ್ದನಕೇರಿ ಕ್ರಾಸ್, ಲೋಕಾಪುರ, ಯರಗಟ್ಟಿ, ನೇಸರಗಿ, ಆಮ್ಯಾಲ ಸಾಂಬ್ರಾ ವಿಮಾನ ನಿಲ್ದಾಣ ದಾಟಿದ್ರ ಊರು ಬಂತು. ಹತ್ತಿರ ಹತ್ತಿರ 140 ಕಿಲೋಮೀಟರ್, ಮೂರು ತಾಸು ಹಿಡೀರಿ. ವಿಜಯಪುರದವರು ಜಮಖಂಡಿ, ಮುಧೋಳ ಮ್ಯಾಲೆ ಬಂದು ಲೋಕಾಪುರದಾಗ ಇದ ರೋಡಿಗೆ ಕೂಡ್ತೀರಿ. ರೈಲಿಗೆ ಹೋಗ್ತೀನಿ ಅನ್ನೂದು ಬಿಟ್ಟಬಿಡ್ರಿ, ಗದಗ ಹುಬ್ಬಳ್ಳಿ ಲೋಂಡಾ ಎಲ್ಲಾ ಸುತ್ತಿ ಬರಬೇಕು, ಅಷ್ಟೊತ್ತಿಗೆ ಹಸಿವಿ ಸತ್ತಿರ್ತೈತಿ. ಒಂದ ದಿನದಾಗ ಹೋಗಿ ಬರೂದು ಆಗೂದಿಲ್ಲ ಅಂತಿಲ್ಲ, ಆದ್ರ ಈ ಹೋಟೆಲ್‌ಗೋಳು ಮಧ್ಯಾಹ್ನ ಮೂರು ಮೂರುವರಿಗೆ ಅಡಗಿಮನಿ ಮುಚ್ಚಿ ಮತ್ತ ಏಳರ ಸುಮಾರಿಗೆ ತಗೀತಾವು, ಆ ನಡಕಿನ ಹೊತ್ತಿಗೆ ಹೋಗಿ ಮುಟ್ಟಿದ್ರ ಬಾಗಲಾ ನೋಡಿ ಬರಬೇಕಾಕ್ಕೈತಿ. ನಮಗ ತಿಲಕವಾಡ್ಯಾಗ ಹೆಂಡತಿ ತಮ್ಮನ ಮನಿ ಐತಿ, ಅದಕ್ಕ ಶನಿವಾರ ಹೋಗಿ ರವಿವಾರ ಬಂದ್ವಿ.

ಶನಿವಾರ ರಾತ್ರಿ ಮೊದಲ್ನೇದಕ್ಕ ಹೋದ್ವಿ. ಹೆಸರು ಬ್ಯಾಡ. ಲೈಟಿಂಗ್ ಭಾರಿ, ಗ್ವಾಡಿ ಮ್ಯಾಲ ಚೆರ್ರಿ ಹೂವಿನ ಚಿತ್ರ, ಕೌಂಟರ್ ಮ್ಯಾಲ ಬೆಕ್ಕಿನ ಬೊಂಬಿ ಕೈ ಅಲ್ಲಾಡ್ಸಕೋತ ಕುಂತಿತ್ತು, ಮಗಳು ಫೋಟೋ ತಗದಿದ್ದ ತಗದಿದ್ದು. ಆರ್ಡರ್ ಮಾಡಿ ನಾಲ್ಕು ಮಿನಿಟಿಗೆ ಪ್ಲೇಟ್ ಬಂತು. ಅವಾಗ ಸಂಶೆ ಬರಬೇಕಿತ್ತು ನನಗ, ಬರಲಿಲ್ಲ. ಬಾಯಾಗ ಇಟ್ಟರ ಅನ್ನ ತಣ್ಣಗ, ಗಟ್ಟಿ, ನಿನ್ನಿ ಚಿತ್ರಾನ್ನ ಫ್ರಿಜ್‌ನಾಗಿಂದ ತಗದು ಹಂಗ ತಿಂದಂಗ. ಸುತ್ತಿದ ಕರಿ ಹಾಳಿ ತೊಯ್ದ ರಟ್ಟಿನಂಗ ಜಗ್ಗಿದ್ರ ಬರವಲ್ದು. ಮ್ಯಾಲ ಮೆಯೋನೀಸ್ ಸುರುವಿದ್ರು, ಅದು ಯಾಕಂತ ಈಗ ತಿಳಿದೈತಿ, ಕೆಳಗಿಂದು ಮುಚ್ಚಾಕ. ಮಗಳು ಎರಡು ತಿಂದು ಸುಮ್ನ ಕುಂತ್ಲು, ಚಲೋ ಐತಿ ಪಪ್ಪಾ ಅಂದ್ಲು, ಆದ್ರ ಮಾರಿ ನೋಡಿದ್ರ ಗೊತ್ತಾಕ್ಕಿತ್ತು. ಹುಟ್ಟಿದಹಬ್ಬಕ್ಕ ಕೂಸು ಸುಳ್ಳ ಹೇಳೂವಂಗ ಆತಲ್ಲಪಾ ಅಂತ ಭಾಳ ಕೆಟ್ಟನಸ್ತು. ಮನಿಗೆ ಬಂದು ಮ್ಯಾಗಿ ಮಾಡ್ಕೊಂಡು ತಿಂದ್ವಿ.

ಮರುದಿನ ಅಳಿಯ, ಅಂದ್ರ ಹೆಂಡತಿ ತಮ್ಮ, "ಮಾಮಾ, ಇಲ್ಲೇ ಮೂರನೇ ರೈಲ್ವೆ ಗೇಟ್ ಹತ್ರ ಓಣ್ಯಾಗ ಒಂದು ಸಣ್ಣದು ಐತ್ರಿ, ನೋಡಾಕ ಏನೂ ಇಲ್ಲ, ಆದ್ರ ನಮ್ಮ ಆಫೀಸಿನವರು ಹೋಗ್ತಾರ" ಅಂದ. ನಾನು ಈ ಸಲ ಮೊದಲ ಫೋನ್ ಹಚ್ಚಿ ಒಂದ ಪ್ರಶ್ನೆ ಕೇಳಿದೆ: ಸುಶಿಗೆ ಅನ್ನಾ ಎಷ್ಟೊತ್ತಿಗೆ ಮಾಡ್ತೀರಿ? ಆ ಕಡಿಯಿಂದ ಹಿಂದಿಯೊಳಗ, ಹನ್ನೆರಡೂವರಿಗೆ ಒಂದು ಸಲ, ಸಂಜಿ ಏಳಕ್ಕ ಒಂದು ಸಲ, ನೀವು ಒಂದಕ್ಕ ಬರ್ರಿ ಅಂತ ತಟ್ಟನ ಉತ್ತರ ಬಂತು. ನೀವೂ ಇದನ್ನ ಕೇಳ್ರಿ. ಸುಶಿ ಚಲೋ ಇರ್ತೈತೇನು ಅಂತ ಕೇಳಿದ್ರ ಯಾರರ ಇಲ್ಲ ಅಂತಾರೇನು? ಅನ್ನದ ಹೊತ್ತು ಕೇಳಿದ್ರ ಮಾಡವರು ಹೇಳ್ತಾರ, ಮಾಡಲಾರದವರು ತಡವರಿಸ್ತಾರ.

ಯಾಕಂದ್ರ ಸುಶಿ ಅಂದ್ರ ಹಸಿ ಮೀನು ಅಂತ ನಾವೆಲ್ಲಾ ತಿಳ್ಕೊಂಡೀವಿ, ಅದು ತಪ್ಪು, ಅದರಾಗ ಮುಖ್ಯ ಅನ್ನ. ಬರೇ ಹಸಿ ಮೀನು ಕೊಯ್ದು ಕೊಟ್ರ ಅದಕ್ಕ ಸಾಶಿಮಿ ಅಂತಾರ. ಸುಶಿ ಅನ್ನೂ ಶಬ್ದಕ್ಕ ಹಳೇ ಜಪಾನಿಯೊಳಗ ಹುಳಿ ಅಂತ ಅರ್ಥ. ಹಿಂದಕ ಮೀನು ಕೆಡಬಾರ್ದು ಅಂತ ಉಪ್ಪು ಹಾಕಿ ಅನ್ನದಾಗ ಹುಗದು ತಿಂಗಳಗಟ್ಟಲೆ ಇಡ್ತಿದ್ರಂತ, ಅನ್ನ ಹುಳಿ ಬಂದು ಮೀನು ಉಳೀತಿತ್ತು, ತಿನ್ನೂ ಮುಂದ ಆ ಅನ್ನ ಚೆಲ್ಲಿಬಿಡ್ತಿದ್ರು. ಬಿವಾ ಅನ್ನೂ ಸರೋವರದ ಕಡೆ ಆ ತರದ್ದು ಈಗೂ ಮಾಡ್ತಾರ, ಫುನಾಝುಶಿ ಅಂತ ಹೆಸರು. ಮುಂದ ಕಾಯೂದು ಬ್ಯಾಡಾಗಿ ಅನ್ನಕ್ಕ ವಿನೇಗರ್ ಕಲಸಾಕ ಹತ್ತಿದ್ರು, ಈಗಿನ ಟೋಕಿಯೋ ಆವಾಗ ಎಡೋ, ಅಲ್ಲಿ 1820ರ ಸುಮಾರಿಗೆ ರಸ್ತೆ ಮ್ಯಾಲ ಗಾಡಿ ಹಚ್ಚಿ ಒಂದೊಂದು ತುತ್ತು ಅನ್ನ ಒತ್ತಿ ಮ್ಯಾಲ ಮೀನು ಇಟ್ಟು ಕೊಡೂದು ಚಾಲ್ತಿಗೆ ಬಂತು, ಅದ ನಿಗಿರಿ. ಅಂದ್ರ ನಮ್ಮ ಗಿರ್ಮಿಟ್ ಗಾಡಿ ಇದ್ದಂಗ ಅದೂ ಗಾಡಿ ಮ್ಯಾಲಿನ ತಿಂಡಿನ. ಈಗ ಕೋಟು ಹಾಕ್ಕೊಂಡಾರಷ್ಟ.

ಆ ಸಣ್ಣ ಹೋಟೆಲಿನಾಗ ಆರೇ ಟೇಬಲ್. ಅಡಗಿಯವ ಡಾರ್ಜಿಲಿಂಗ್ ಕಡೆಯಂವ, ಗೋವಾದಾಗ ಎಂಟು ವರ್ಷ ಮಾಡಿ ಬಂದಾನ. ಗಿರಾಕಿ ಕಡಿಮಿ ಇದ್ರು, ಮಗಳು ಕೌಂಟರ್ ಹತ್ರ ನಿಂತು ಬಾಯಿ ತಗದು ನೋಡಾಕತ್ತಿದ್ಲು, ಅಂವಾ ಕರದು ನಿಲ್ಲಿಸ್ಕೊಂಡ. ಅನ್ನದ ಬುಟ್ಟಿ ಮ್ಯಾಲ ತೊಯ್ಸಿ ಹಿಂಡಿದ ಬಿಳಿ ಅರಿವಿ. ಕೈ ನೀರಾಗ ಅದ್ದತಾನ, ಒಂದ್ಸಲ ಚಪ್ಪಾಳಿ ಹೊಡದು ಹೆಚ್ಚಿನ ನೀರು ಝಾಡಸ್ತಾನ, ಮುಷ್ಟಿ ಅನ್ನ ತಗೊಂಡು ನೋರಿ, ಅಂದ್ರ ಸಮುದ್ರದ ಸೊಪ್ಪಿನ ಆ ಕರಿ ಹಾಳಿ, ಅದರ ಮ್ಯಾಲ ಒತ್ತಲಾರದಂಗ ಹರವತಾನ, ನಮ್ಮವ್ವ ರೊಟ್ಟಿ ಬಡದಂಗ ಅಲ್ಲ, ಹಿಟ್ಟು ಜರಡಿ ಹಿಡದಂಗ ಬೆರಳ ತುದೀಲೆ. ತುದಿಗೆ ಒಂದು ಬೆರಳು ಜಾಗಾ ಖಾಲಿ ಬಿಡತಾನ. ಸೌತಿಕಾಯಿ ಉದ್ದುದ್ದ, ಬೀಜ ತಗದಿದ್ದು. ಬಿದಿರಿನ ಚಾಪಿಲೇ ಒಂದ ಸುತ್ತು, ಗಟ್ಟಿ ಒಂದ್ಸಲ ಹಿಡದು ಬಿಟ್ಟ. ಚಾಕು ಒದ್ದಿ ಅರಿವಿಗೆ ಒರಸೂದು, ಕೊಯ್ಯೂದು, ಮತ್ತ ಒರಸೂದು, ಆರು ತುಂಡಿಗೆ ಅಷ್ಟೂ ಸಲ. ಬಾಯಾಗ ಇಟ್ಟರ ನೋರಿ ಟರ್ ಅಂತ ಹರೀತು, ಅನ್ನಾ ಉಗುರಬೆಚ್ಚಗ, ಅಗಳು ಅಗಳು ಬಿಡಿಬಿಡಿ ಆಗಿ ನಾಲಿಗಿ ಮ್ಯಾಲ ಬಿಚ್ಚಿಕೊಂತು, ಹುಳಿ ಸಿಹಿ ಉಪ್ಪು ಮೂರೂ ಸ್ವಲ್ಪ ಸ್ವಲ್ಪ. ಬರೇ ಸೌತಿಕಾಯಿ ಅನ್ನ ಇಷ್ಟು ರುಚಿ ಆಕ್ಕೈತಿ ಅಂತ ನನಗೇನು ಗೊತ್ತು.

ಯಾವ ಅಕ್ಕಿ ಅಂತ ಕೇಳಿದ್ರ ನಕ್ಕ. ಜಪಾನಿನ ಗಿಡ್ಡ ಅಕ್ಕಿ ತರಸಿದ್ರ ಇಲ್ಲಿ ಯಾರೂ ಆ ರೇಟು ಕೊಡಂಗಿಲ್ಲ, ಅದಕ್ಕ ಅದರ ಜೋಡಿ ಇಂದ್ರಾಯಣಿ ಕೂಡಸ್ತೀನಿ ಅಂದ. ಬೆಳಗಾವಿ ಕಿರಾಣಿ ಅಂಗಡ್ಯಾಗ ಸಿಗೂ ಅದ ಇಂದ್ರಾಯಣಿ ನೋಡ್ರಿ, ಮೆತ್ತಗ, ಒಂದಕ್ಕೊಂದು ಹತ್ತೂ ಅಕ್ಕಿ. ಮೋಸ ಅಂತ ಅನ್ನಿಸಲಿಲ್ಲ ನನಗ, ಕೇಳಿದ ಕೂಡ್ಲೆ ಹೇಳಿದ್ನಲ್ಲ. ಅನ್ನ ಫ್ರಿಜ್‌ನಾಗ ಇಟ್ರ ಒಳಗಿನ ಪಿಷ್ಟ ಗಟ್ಟಿ ಆಗಿ ಗೊಗ್ಗರ ಆಕ್ಕೈತಿ, ಅಕ್ಕಿ ಜಪಾನಿಂದು ಇದ್ರೂ ಅಷ್ಟ, ನಮ್ಮ ಇಂದ್ರಾಯಣಿ ಇದ್ರೂ ಅಷ್ಟ. ಅಂದ್ರ ಹಿಂದಿನ ರಾತ್ರಿ ನಾವು ತಿಂದಿದ್ದು ಏನಂತ ಆವಾಗ ತಿಳೀತು.

ಶಾಕಾಹಾರಿ ಮಂದಿ ಇದನ್ನ ಸರಿಯಾಗಿ ಓದ್ರಿ, ನಮ್ಮನ್ಯಾಗ ಹೆಂಡತಿ ತತ್ತಿನೂ ಮುಟ್ಟೂದಿಲ್ಲ. ಸೌತಿಕಾಯಿದು ಕಪ್ಪಾ ಮಾಕಿ, ಅವಕಾಡೊದು, ಕರದ ತೋಫು (ಸೋಯಾ ಪನೀರ್) ಚೀಲದಾಗ ಅನ್ನ ತುಂಬಿದ ಇನಾರಿ, ಇವು ನೋಡಾಕ ಸುರಕ್ಷಿತ. ಸೋರೆಕಾಯಿ ಪಟ್ಟಿ ಪಟ್ಟಿ ಹೆರದು ಒಣಗಿಸಿ, ಆಮ್ಯಾಲ ಸೋಯಾ ಸಕ್ಕರ್ಯಾಗ ಕುದಿಸಿ ಸುತ್ತೂದು ಒಂದೈತಿ, ಕಾಂಪ್ಯೋ ಅಂತ, ಸೋರೆಕಾಯಿ ಅಂದ್ರ ಮಾರಿ ತಿರಿವೂ ಮಕ್ಕಳಿಗೆ ತಿನ್ನಿಸಿ ನೋಡ್ರಿ. ಆದ್ರ ಮಿಸೋ ಸೂಪ್, ಅಂದ್ರ ಹುಳಿ ಬರಿಸಿದ ಸೋಯಾ ಕಾಳಿನ ಸಾರು, ಅದರ ಬಗ್ಗೆ ಹುಷಾರು. ಅದರೊಳಗ ತುಂಡು ಮೀನು ಕಾಣೂದಿಲ್ಲ, ಮೆನುದಾಗ ಹಸರ ಚುಕ್ಕಿನೂ ಇರ್ತೈತಿ, ಆದ್ರ ಅದರ ಬುನಾದಿ ದಾಶಿ ಅನ್ನೂ ನೀರು, ಅದನ್ನ ಬಹಳ ಸಲ ಒಣಗಿಸಿದ ಮೀನಿನ ಚಕ್ಕಿ ಹಾಕಿ ತಗೀತಾರ. ಇನಾರಿ ತೋಫುನೂ, ಈ ಸೋರೆಕಾಯಿನೂ ಅದ ನೀರಾಗ ಕುದಿಸಿರ್ತಾರ ಒಮ್ಮೊಮ್ಮೆ. ದಾಶಿ ಯಾತರದ್ದು ಅಂತ ನೇರ ಕೇಳ್ರಿ, ಕೊಂಬು ಅನ್ನೂ ಸಮುದ್ರದ ಸೊಪ್ಪು ಇಲ್ಲಾ ಅಣಬಿಲೇ ಮಾಡಿದ್ರ ನಡೀತೈತಿ. ನಮ್ಮಾಕಿ ಕೇಳಿದ್ದಕ್ಕ ಅಂವಾ ಮೀನಿಂದ ಐತಿ ತಾಯಿ, ನೀವು ಕುಡಿಬ್ಯಾಡ್ರಿ ಅಂತ ತಾನ ಬಟ್ಟಲಾ ಹಿಂದಕ್ಕ ತಗೊಂಡು ಹೋದ.

ಹಸರ ವಾಸಾಬಿ ಕಂಡು ನನ್ನ ಅಳಿಯ ಪುದೀನಾ ಚಟ್ನಿ ಅಂತ ತಿಳ್ಕೊಂಡು ಬೆರಳು ತುಂಬ ತಗೊಂಡು ನೆಕ್ಕಿದ. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳದ ಗಂಡಸು, ಕಣ್ಣಾಗ ನೀರು ಸುರೀತಿತ್ತು. ಅದು ನಾಲಿಗಿಗೆ ಹತ್ತೂ ಖಾರ ಅಲ್ಲ, ಮೂಗಿಗೆ ಏರೂದು, ಸಾಸಿವಿ ಜಾತಿ. ಅರ್ಧಾ ನಿಮಿಷಕ್ಕ ಇಳೀತೈತಿ, ನೀರು ಕುಡದು ಉಪಯೋಗಿಲ್ಲ. ಮತ್ತ ಇದು ಖರೆ ವಾಸಾಬಿನೂ ಅಲ್ಲ, ನಮ್ಮ ಕಡೆ ಅಷ್ಟ ಅಲ್ಲ ಜಗತ್ತಿನ್ಯಾಗ ಬಹಳಷ್ಟು ಕಡೆ ಕೊಡೂದು ಹಾರ್ಸ್‌ರ‍್ಯಾಡಿಶ್ ಅನ್ನೂ ಬೇರು, ಸಾಸಿವಿ, ಹಸರ ಬಣ್ಣ ಕೂಡಿಸಿದ್ದು. ತಿನ್ನೂ ಪದ್ಧತಿಗೆ ಹೆದರಬ್ಯಾಡ್ರಿ, ಕೈಲೆ ತಿಂದ್ರ ಜಪಾನಿನ್ಯಾಗೂ ತಪ್ಪಿಲ್ಲ, ಕಡ್ಡಿ ಹಿಡಿಯಾಕ ಒದ್ದಾಡಿ ಅನ್ನ ಉದುರಿಸೂದಕ್ಕಿಂತ ಅದ ಚಲೋ. ಒಂದ ತುತ್ತಿಗೆ ಬಾಯಾಗ ಹಾಕ್ಕೋರಿ, ಸೋಯಾದಾಗ ಅನ್ನ ಮುಳಗಿಸಬ್ಯಾಡ್ರಿ ಒಡೀತೈತಿ.

ಹಸಿ ಮೀನಿನ ಮಾತು. ಬೆಳಗಾವಿಗೆ ಗೋವಾ, ಕಾರವಾರ ಕಡಿಂದ ತಾಜಾ ಮೀನು ಬರ್ತೈತಿ ಖರೆ, ಆದ್ರ ತಾಜಾ ಅಂದ ಕೂಡ್ಲೆ ಹಸೀದು ತಿನ್ನಾಕ ಬರೂದಿಲ್ಲ. ಹಸಿ ತಿನ್ನೂ ಮೀನು ಮೈನಸ್ 20 ಡಿಗ್ರಿಯೊಳಗ ಏಳು ದಿನ ಇಟ್ಟಿರಬೇಕು ಅಂತ ಅಮೆರಿಕಾದ ಆಹಾರ ಔಷಧ ಇಲಾಖೆ ಎಫ್‌ಡಿಎ ಹೇಳ್ತೈತಿ, ಹುಳಾ ಸಾಯಾಕ. ಅಂದ್ರ ಫ್ರೋಝನ್ ಸಾಲ್ಮನ್ ಅಂತ ಹೇಳಿದ್ರ ಮೂಗು ಮುರೀಬ್ಯಾಡ್ರಿ, ಅದ ಪಾಡು. ನಮ್ಮ ಅಳಿಯ ಮನಿಗೆ ಬಂದಮ್ಯಾಲ, "ಮಾಮಾ, ಆಲಮಟ್ಟಿ ಹಿನ್ನೀರಿನ ಮೀನು ತಂದು ನಾವ ಮಾಡೂಣು?" ಅಂದ. ಕೈಮುಗದು ಹೇಳ್ತೀನಿ, ಹೊಳಿ ಕೆರಿ ಮೀನು ಹಸೀದು ಬಾಯಾಗ ಇಡಬ್ಯಾಡ್ರಿ, ಸೀನೀರು ಮೀನಿನ್ಯಾಗ ಮನಷ್ಯಾಗ ಹತ್ತೂ ಹುಳಾ ಇರ್ತಾವು. ನಾವು ಹೋದ ಕಡೆ ಮೀನಿಂದು ಸಾಲ್ಮನ್ ಒಂದ ಇತ್ತು, ಅಳಿಯ ತಿಂದ, ಚಲೋ ಐತಿ ಅಂದ, ನನಗ ಧೈರ್ಯ ಆಗಲಿಲ್ಲ, ಬೇಯಿಸಿದ ಸೀಗಡಿದು ತಗೊಂಡೆ.

ಇಷ್ಟಕ್ಕ ಸಮಾಧಾನ ಆಗಲಾರದವರು, ಸಾಶಿಮಿ ಗೀಶಿಮಿ ಬೇಕನ್ನವರು, ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗ್ರಿ, ಮೂರು ತಾಸಿನ ದಾರಿ, ಅಸ್ಸಗಾಂವದಾಗ ಇಜುಮಿ ಅಂತ ಹೆಸರಾದ ಜಪಾನಿ ಹೋಟೆಲ್ ಐತಿ. ಮಳಿಗಾಲದಾಗ ಘಾಟಿನ್ಯಾಗ ಮಂಜು, ಗಾಡಿ ಮುಂದಿನ ಬಾನೆಟ್ ಕಾಣೂದಿಲ್ಲ, ಆವಾಗ ಸುಶಿ ಸಲವಾಗಿ ಜೀವ ಒತ್ತಿ ಇಡಬ್ಯಾಡ್ರಿ. ಬೆಂಗಳೂರಿಗೆ ಹ್ಯಾಂಗೂ ಹೋಗವರಿದ್ರ ರೆಸಿಡೆನ್ಸಿ ರೋಡಿನ ಹರಿಮಾ ಹಳೇದು. ಅಲ್ಲಿ ಜಪಾನಿ ಅಡಗಿಗೆ ಜಪಾನಿ ಗಿರಾಕಿನೂ ಅದಾರ, ಬಿಡದಿಯೊಳಗ ಟೊಯೊಟಾ ಕಿರ್ಲೋಸ್ಕರ್ ಅಂಥಾ ಕಂಪನಿಗೋಳು ಬಂದಮ್ಯಾಲ ಆ ದೇಶದವರು ಬಂದು ಇರಾಕತ್ತಿದ್ರು. ತಮಾಷಿ ಏನಂದ್ರ ಆ ಕಿರ್ಲೋಸ್ಕರರು ಮೊದಲ ಸೈಕಲ್ ಅಂಗಡಿ ತಗದಿದ್ದು ಇದ ಬೆಳಗಾವ್ಯಾಗ, 1888ರಾಗ. ಸೈಕಲ್ ಅಂಗಡಿ ಇಲ್ಲಿ, ಸುಶಿ ಅಲ್ಲಿ.

ನಾಲ್ಕು ಮಂದಿಗೆ 2,200 ರೂಪಾಯಿ ಆತು ನಮ್ಮದು, ಹೊಟ್ಟಿ ಮುಕ್ಕಾಲು ತುಂಬಿತ್ತು. ಅವ್ವಗ ಅಂತ ಪಾರ್ಸಲ್ ಕೇಳಿದ್ರ ಅಡಗಿಯವ ಕೊಡಲಿಲ್ಲ, ಬಾಗಲಕೋಟಿ ಮುಟ್ಟೂದ್ರಾಗ ಇದು ಸುಶಿ ಉಳಿಯಂಗಿಲ್ಲ ಅಂದ. ಅದಕ್ಕ ಕುಂದಾ ತಗೊಂಡ್ವಿ, ಅಂಗಡ್ಯಾಗ ನಿಂತು ಮಾತಾಡ್ಕೋತ ಹೊತ್ತು ಮಾಡಿದ್ವಿ, ಊರು ಬಿಡೂದ್ರಾಗ ಐದೂವರಿ. ಈ ತಪ್ಪು ನೀವು ಮಾಡಬ್ಯಾಡ್ರಿ. ಕಬ್ಬಿನ ಸೀಜನ್, ಯರಗಟ್ಟಿ ದಾಟಿದ ಮ್ಯಾಲ ಕತ್ತಲಿ, ಎರಡೆರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರು ಹಿಂದ ಒಂದು ಲೈಟಿಲ್ಲ ರೇಡಿಯಂ ಇಲ್ಲ, ಒಂದು ನಮಗ ಹತ್ತು ಮಾರು ಇದ್ದಾಗ ಕಂಡೈತಿ. ಬ್ರೇಕ್ ಹೊಡದ ರಭಸಕ್ಕ ಕುಂದಾ ಡಬ್ಬಿ ಸೀಟಿನ ಕೆಳಗ ಹೋತು, ಮಗಳು ನಿದ್ದಿಯಿಂದ ಎದ್ದು ಲೋಕಾಪುರ ಬಂತೇನು ಪಪ್ಪಾ ಅಂದ್ಲು. ನಾಲ್ಕಕ್ಕ ಊರು ಬಿಡ್ರಿ, ಬೆಳಕಿರತ್ಲೆ ಯರಗಟ್ಟಿ ದಾಟ್ರಿ.